ಚಟ್ನಿಗೆ ಉಪ್ಪು ಕಡಿಮೆ

ಕರಿಬಸಯ್ಯ ಕೆಲಸ ಬಿಡಲು ಹೊರಟದ್ದು ಉಪ್ಪಿನ ಮಾತಿಗೆ. ಹೀಗೆಂದರೆ ನಾರಾಯಣಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣಗಳು ಹನ್ನೊಂದು ವರ್ಷದಿಂದ ಅವನ ಮುಂದೆ ಸಾಲುಗಟ್ಟಿ ನಿಂತಿದ್ದವು, ಒಂದಕ್ಕೂ ಅವನು ಜಗ್ಗಿರಲಿಲ್ಲ.

ಶರಣಯ್ಯ ಸಾವಕಾರರ ಸೀರೆ ಅಂಗಡಿಯಲ್ಲಿ ಅವನು ಬೆಳಗಿನಿಂದ ದೀಪ ಹಚ್ಚುವ ತನಕ ನಿಂತೇ ಇರಬೇಕು. ಗಿರಾಕಿಗಳಿಗೆ ನಲವತ್ತು ಸೀರೆ ಬಿಚ್ಚಿ ತೋರಿಸಬೇಕು. ಅವರು ಒಂದನ್ನೂ ಕೊಳ್ಳದೆ ಎದ್ದು ಹೋದರೆ ಬೈಸಿಕೊಳ್ಳುತ್ತ ನಲವತ್ತನ್ನೂ ಮಡಚಬೇಕು. ಸಾವಕಾರರ ಎಮ್ಮೆ ಹಗ್ಗ ಹರಿದುಕೊಂಡರೆ ದೂರದ ಮರಿಕಲ್ ಊರಿನ ತನಕ ಹುಡುಕಿಕೊಂಡು ಹೋಗಬೇಕು. ಎಮ್ಮೆ ಸಿಕ್ಕರೆ ಅದು ಜಾಣ ಎಮ್ಮೆ, ಸಿಗದಿದ್ದರೆ ಇವನು ದಡ್ಡ. ಅಂಗಡಿಯಲ್ಲಿ ಗಿರಾಕಿಗಳ ಜಮಖಾನ ಬಿಟ್ಟರೆ ಕೂರಲು ಇದ್ದದ್ದು ಒಂದೇ ಗಾದಿ, ಅದರ ತುಂಬ ಸಾವಕಾರರೇ ಇದ್ದರು.

ಸಾವಕಾರರಿಗೆ ಬೆಳಿಗ್ಗೆ ಹತ್ತಕ್ಕೇ ಹಸಿವು. ದಿನಾ ಕರಿಬಸಯ್ಯನ ಬುತ್ತಿ ಬಿಚ್ಚಿ, ಅವನ ಹೆಂಡತಿ ವೀರಬಸಮ್ಮ ಕಟ್ಟಿಕೊಟ್ಟ ಮೂರು ಜೋಳದ ರೊಟ್ಟಿಯಲ್ಲಿ ಎರಡನ್ನು ತಿಂದು ತೇಗುತ್ತಿದ್ದರು. ಅದನ್ನೂ ಅವನು ಸಹಿಸಿದ್ದ. ಈ ಶುಕ್ರವಾರ ಎರಡನೆಯ ರೊಟ್ಟಿ ಮುಗಿಸಿದ ಸಾವಕಾರರು ಬೆರಳು ಚೀಪಿ ಮುಖ ಹುಳ್ಳಗೆ ಮಾಡಿದರು.

"ಶೇಂಗಾ ಚಟ್ನಿಗೆ ಉಪ್ಪು ಕಮ್ಮಿ ಆಗೈತಿ ನೋಡಲೇ. ನಿನ್ನ ಹೇಣ್ತಿಗೆ ಹೇಳು, ಕೆಲಸದ ಮ್ಯಾಲ ನಿಗಾ ಇರಬೇಕು."

ಕರಿಬಸಯ್ಯನ ತಲೆಯೊಳಗೆ ಏನೋ ಪಟ್ಟನೆ ಹರಿಯಿತು. ಕೈಯಲ್ಲಿದ್ದ ಸೀರೆಯನ್ನು ಅರ್ಧ ಮಡಚಿದಲ್ಲೇ ಬಿಟ್ಟು ಅಂಗಡಿಯಿಂದ ಇಳಿದ. ಹನ್ನೊಂದು ವರ್ಷದಲ್ಲಿ ಅವನು ಅರ್ಧಕ್ಕೆ ಬಿಟ್ಟ ಮೊದಲ ಸೀರೆ ಅದು.

ಹೋಗಲು ಜಾಗವೂ ಇತ್ತು. ಮಕ್ತಲದ ಹೊಸ ಹತ್ತಿ ಗಿರಣಿಯಲ್ಲಿ ತೂಕದ ಗುಮಾಸ್ತನ ಕೆಲಸ ಖಾಲಿ ಇದೆಯೆಂದು ಅವನ ಭಾವಮೈದ ಹದಿನೈದು ದಿನದಿಂದ ಹೇಳಿ ಕಳಿಸುತ್ತಿದ್ದ. ಇದೇ ಶುಕ್ರವಾರ ಸಂಜೆಯೊಳಗೆ ಮೊದಲು ಬಂದವನಿಗೆ ಕೆಲಸ. ಆದರೆ ಬೇರೆಯವರ ಆಳನ್ನು ಬಿಡಿಸಿಕೊಂಡರು ಅನ್ನಿಸಿಕೊಳ್ಳಲು ಗಿರಣಿಯವರು ತಯಾರಿರಲಿಲ್ಲ. ಕೆಲಸ ಬಿಟ್ಟೆನೆಂದು ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ ಬರೆಸಿದ ಇಸ್ತೀಫಾ ಬೇಕು, ಅದರ ಮೇಲೆ ಹಳೆಯ ಧಣಿಯ ಮೊಹರು ಬೇಕು.

ಅಂಗಡಿಯೆದುರಿಗೆ ಮೋಟಾರು ನಿಲ್ಲುವ ಬೇವಿನ ಮರ. ಅದರ ಕೆಳಗೆ ಚಾಪೆ ಹಾಸಿಕೊಂಡು ಹದಿನೆಂಟು ವರ್ಷದಿಂದ ಊರವರ ಅರ್ಜಿ ಬರೆಯುವ ನಾಗಪ್ಪ. ಅವನ ಬಲಕ್ಕೆ ಎಲೆ-ಅಡಿಕೆ ಮಾರುವ ಬುಚ್ಚಮ್ಮ, ಎಡಕ್ಕೆ ಗಿರಾಕಿ ಇಲ್ಲದ ಟಾಂಗಾದ ಪೆದ್ದಯ್ಯ. ಈ ಇಬ್ಬರ ಕಿವಿ ದಾಟದೆ ಆ ಊರಿನ ಯಾವ ಅರ್ಜಿಯೂ ಸರ್ಕಾರ ಮುಟ್ಟಿದ್ದಿಲ್ಲ.

"ನಾಗಪ್ಪಣ್ಣ, ಒಂದು ಇಸ್ತೀಫಾ ಬರೀರಿ. ಚಟ್ನಿಗೆ ಉಪ್ಪು ಕಮ್ಮಿ ಅಂದದ್ದಕ್ಕ ಕೆಲಸ ಬಿಡ್ತೀನಿ ಅಂತ."

"ಅಯ್ಯ ನಿನ್ನ, ಉಪ್ಪಿನ ಮಾತು ಬರಸ್ತಾರೇನು?" ಬುಚ್ಚಮ್ಮ ಎಲೆಗೆ ಸುಣ್ಣ ಹಚ್ಚುತ್ತ ನಡುವೆ ಬಂದಳು. "ಎಮ್ಮಿ ಮಾತು ಬರಸು. ಅದಕ್ಕ ತೂಕ ಐತಿ."

"ಎಮ್ಮೀನೂ ಬ್ಯಾಡ, ಉಪ್ಪೂ ಬ್ಯಾಡ," ಎಂದ ಪೆದ್ದಯ್ಯ. "ಹೇಣ್ತಿಗೆ ಜಡ್ಡು ಅಂತ ಬರಸಯ್ಯ."

"ನನ್ನ ಹೇಣ್ತಿ ಗಟ್ಟಿ ಅದಾಳ. ಅಕಿ ಚಟ್ನೀನೂ ಚಲೋ ಐತಿ. ನಾ ಜಗಳ ತಗದದ್ದ ಅದಕ್ಕ," ಎಂದು ಕರಿಬಸಯ್ಯ ಸಿಡುಕಿದ.

ನಾಗಪ್ಪ ಲೇಖನಿ ಅದ್ದಿದವನು ಕೇಳಿದ: "ಇದನ್ನ ಬಿಟ್ಟು ಎಲ್ಲಿಗೆ ಹೋಗ್ತಿ?"

ಕರಿಬಸಯ್ಯ ಮಕ್ತಲದ ವಿಷಯ ಎಲ್ಲ ಹೇಳಿದ. ಕೊನೆಗೆ, ಬಾವು ಬಂದ ತನ್ನ ಕಾಲು ನೋಡಿಕೊಂಡು ಮೆಲ್ಲಗೆ ಅಂದ: "ಅಲ್ಲಿ ಗುಮಾಸ್ತಗ ಕುರ್ಚಿ ಕೊಡ್ತಾರಂತ್ರೀ."

ನಾಗಪ್ಪನ ಲೇಖನಿ ನಿಂತಿತು. "ಕುರ್ಚಿಗೆ ಕೈ ಅದಾವೇನು?"

"ಎರಡೂ ಕಡಿ ಅದಾವಂತ."

"ಹೂಂ," ಎಂದು ನಾಗಪ್ಪ ಉಸಿರು ಬಿಟ್ಟು ಬರೆಯತೊಡಗಿದ. ಬರೆದ, ಬರೆದ, ಕಾಗದ ಮುಗಿಯುವ ತನಕ ಬರೆದ. ಓದಿ ಹೇಳೆಂದಾಗ ಕನ್ನಡದಲ್ಲಿ ಹೇಳಿದ: "ದಯಾಸಾಗರ, ಬಡವರ ನೆರಳು, ಅನ್ನದಾತ, ಕೊಡುಗೈ ದೊರೆ, ನ್ಯಾಯದ ತಕ್ಕಡಿ..."

"ಯಾರ್ರೀ ಇವರು?"

"ನಿಮ್ಮ ಸಾವಕಾರ."

"ನಾ ಹೇಳಿದ್ದು ಎಲ್ಲಿ ಐತಿ?"

"ತಳದಾಗ, ಒಂದೂವರಿ ಸಾಲು. ಕೆಲಸ ಬಿಟ್ಟೀನಿ ಅಂತ. ಉರ್ದು ಅರ್ಜಿ ಅಂದ್ರ ಹಿಂಗ ಇರ್ತೈತಿ ತಮ್ಮಾ. ಹೊಗಳಿಕಿ ಬಿಟ್ಟು ಬರದ್ರ ಅದು ಬೈಗಳ ಆಗ್ತೈತಿ. ಹೋಗು, ಬಾಯಿ ತಗೀಬ್ಯಾಡ. ಕಾಗದ ಕೈಗೆ ಕೊಟ್ಟು ಸುಮ್ಮನ ನಿಂದ್ರು."

ಸುಮ್ಮನೆ ನಿಲ್ಲುವುದು ಕರಿಬಸಯ್ಯನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಹೋಗಿ, ಕೊಟ್ಟು, ನಿಂತ.

ಅಂಗಡಿಯಲ್ಲಿ ಊರಿನ ಜಮೀನಿನ ಲೆಕ್ಕ ಬರೆಯುವ ಗದ್ವಾಲದ ಒಬ್ಬ ಪಟವಾರಿ, ತನ್ನ ಮಗಳ ಮದುವೆಯ ಸೀರೆಗೆಂದು ಮನೆಯವರೊಂದಿಗೆ ಬಂದು ಕೂತಿದ್ದ. ಶರಣಯ್ಯ ಸಾವಕಾರರಿಗೆ ಉರ್ದು ಒಂದಕ್ಷರ ಬಾರದು, ಆದರೆ ಬಾರದೆಂದು ಅವರು ಯಾರಿಗೂ ಹೇಳಿರಲಿಲ್ಲ. ಕನ್ನಡಕ ಏರಿಸಿ, ಎಡದಿಂದ ಬಲಕ್ಕೆ ಬೆರಳಾಡಿಸುತ್ತ ಇಡೀ ಕಾಗದವನ್ನು ಗಂಭೀರವಾಗಿ ಓದಿದರು. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ ಎಂಬುದು ಕರಿಬಸಯ್ಯನಿಗೂ ಗೊತ್ತಿತ್ತು.

"ನಾನು ಓದಿದೆ. ನೀವೂ ಒಂದೀಟು ಓದ್ರಿ ಪಟವಾರ್ಯಾರ, ಜೋರಾಗಿ ಓದ್ರಿ," ಎಂದು ಕಾಗದ ದಾಟಿಸಿದರು.

ಪಟವಾರಿ ಓದಿ, ಮನೆಯವರಿಗೆ ತಿಳಿಯಲೆಂದು ಕನ್ನಡದಲ್ಲೂ ಹೇಳುತ್ತ ಹೋದ. ದಯಾಸಾಗರಕ್ಕೆ ಸಾವಕಾರರು ನೆಟ್ಟಗೆ ಕೂತರು. ಅನ್ನದಾತಕ್ಕೆ ಮೀಸೆ ಸವರಿದರು. ನ್ಯಾಯದ ತಕ್ಕಡಿ ಬರುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿತ್ತು. ಇನ್ನು ಎರಡು ಸಾಲು ಉಳಿದಿವೆ ಅನ್ನುವಾಗ ತಡೆಯಲಾರದೆ ಕಾಗದ ಕಸಿದು ಎದೆಗೆ ಒತ್ತಿಕೊಂಡರು.

"ಸಾಕ್ರೀ. ಬೆಳಿಗ್ಗೆ ಒಂದು ಮಾತು ಅಂದದ್ದಕ್ಕ ಎದ್ದು ಹೋದ ಅಂತ ತಿಳಿದಿದ್ದೆ. ಇದನ್ನ ಬರಸಾಕ ಹೋಗಿದ್ದ ನೋಡ್ರಿ."

ಗಲ್ಲಾದಿಂದ ಮೊಹರು ತೆಗೆದು, ಮಸಿ ಹಚ್ಚಿ, ಪಟ್ಟನೆ ಒತ್ತಿದರು. ಖಾಲಿ ಜಾಗ ಎಲ್ಲೂ ಇರಲಿಲ್ಲ. ಅಂಗೈಯಗಲದ ಆ ಮೊಹರು ಸರಿಯಾಗಿ ತಳದ ಒಂದೂವರೆ ಸಾಲಿನ ಮೇಲೆ ಕೂತಿತು. ಅಲ್ಲಿ ಈಗ ಕಪ್ಪು ಮಸಿ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ.

"ಇದಕ್ಕ ಗಾಜಿನ ಕಟ್ಟು ಹಾಕಿಸಿ ಇಲ್ಲೇ ಗ್ವಾಡಿಗೆ ತೂಗಹಾಕೂದು," ಎಂದರು.

ಕರಿಬಸಯ್ಯ ಬಾಯಿ ತೆಗೆದ. ಹನ್ನೊಂದು ವರ್ಷದಲ್ಲಿ ಎದುರು ಮಾತಾಡಿದ್ದು ಅದೇ ಮೊದಲು. "ಸಾವಕಾರ್ರ, ಅದು ಇಸ್ತೀಫಾ ಐತ್ರೀ. ತಳದಾಗ ಬರದೈತಿ, ನಾ ಕೆಲಸ ಬಿಟ್ಟೀನಿ ಅಂತ."

ಪಟವಾರಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಾವಕಾರರು ಕನ್ನಡಕದ ಮೇಲಿಂದ ನೋಡಿದರು.

"ಇದನ್ನ ನಾ ಪೂರಾ ಓದೀನಿ. ಓದಿಲ್ಲಂತಿಯೇನು? ನನಗ ಉರ್ದು ಬರಂಗಿಲ್ಲ ಅಂತ, ಇಷ್ಟು ಮಂದಿ ಮುಂದ ಹೇಳ್ತಿಯೇನು?"

ಕರಿಬಸಯ್ಯ ಪಟವಾರಿಯ ಕಡೆ ನೋಡಿದ. ಮೂರು ಸೀರೆಯ ಬೆಲೆ ಇನ್ನೂ ಇಳಿಸಬೇಕಾಗಿದ್ದ ಪಟವಾರಿ ಅಂಗಡಿಯ ಛಾವಣಿ ನೋಡಿದ.

"ಇಲ್ರೀ," ಎಂದ ಕರಿಬಸಯ್ಯ.

ಪಟವಾರಿಗೆ ಅರವತ್ತೆರಡು ಸೀರೆ ಬಿಚ್ಚಿ ಮಡಚುವ ಹೊತ್ತಿಗೆ ಮೂರು ಹೊಡೆದಿತ್ತು. ನಾಲ್ಕಕ್ಕೆ ಮಕ್ತಲದ ಕೊನೆಯ ಮೋಟಾರು. ಕರಿಬಸಯ್ಯ ಬೇವಿನ ಮರಕ್ಕೆ ಓಡಿದ. ಇನ್ನೊಂದು ಇಸ್ತೀಫಾ, ಹೊಗಳಿಕೆ ಇಲ್ಲದ್ದು, ಒಂದೇ ಸಾಲು. ಬೈಗುಳವಾದರೂ ಆಗಲಿ, ಮೊಹರು ಬೇಕಾದರೆ ತಾನೇ ಕದ್ದು ಒತ್ತಿಕೊಳ್ಳುತ್ತಾನೆ.

ಚಾಪೆ ಖಾಲಿ ಇತ್ತು. ಅದರ ಮೇಲೆ ಮಸಿ ಕುಡಿಕೆ, ಲೇಖನಿ.

"ನಾಗಪ್ಪಣ್ಣ ಎಲ್ಲಿ?"

"ಹನ್ನೆರಡರ ಮೋಟಾರಿಗೆ ಮಕ್ತಲಕ್ಕ ಹೋದ," ಎಂದಳು ಬುಚ್ಚಮ್ಮ. "ನೀ ಅತ್ತ ಹೋದ ಮ್ಯಾಲ ಸೊಂಟ ಹಿಡಕೊಂಡು ಎದ್ದ. 'ಹದಿನೆಂಟು ವರ್ಷ ಈ ಚಾಪಿ ಮ್ಯಾಲ ಕುಂತು ಸೊಂಟ ಬಿದ್ದೈತಿ. ಅಂವ ಉಪ್ಪಿನ ಮಾತಿಗೆ ಕೆಲಸ ಬಿಡಬಹುದು, ನಾ ಯಾಕ ಬಿಡಬಾರದು' ಅಂದ."

"ಎಲ್ಲಿಗೆ ಹೋದ ಅಂದಿ?"

"ಅದೇನೋ ಗಿರಣಿ ಅಂತಪ್ಪ. ಕೈ ಇರೂ ಕುರ್ಚಿ ಕೊಡ್ತಾರಂತ."

"ಮತ್ತ ಮೊಹರು?" ಎಂದ ಕರಿಬಸಯ್ಯ.

"ಅವನಿಗೆ ಧಣಿ ಎಲ್ಲಿದಾನಯ್ಯ," ಎಂದ ಪೆದ್ದಯ್ಯ. "ತನ್ನ ಇಸ್ತೀಫಾ ತಾನೇ ಬರಕೊಂಡ, ತಾನೇ ಮಂಜೂರ್ ಮಾಡ್ಕೊಂಡ. ಬರೇ ಎರಡು ಸಾಲು ಬರದ ನೋಡು. ಚಾಪಿ ಮಾತ್ರ ನಿನಗ ಕೊಡು ಅಂದಾನ."

ಕರಿಬಸಯ್ಯ ಮಸಿ ಕುಡಿಕೆ ಸರಿಸಿ ಚಾಪೆಯ ಮೇಲೆ ಕೂತ. ಹಗಲು ಹೊತ್ತಿನಲ್ಲಿ ಹೀಗೆ ಕೂತು ಹನ್ನೊಂದು ವರ್ಷವಾಗಿತ್ತು. ಒಂದು ಗಳಿಗೆ ಹಿತವೆನಿಸಿದ್ದೂ ಸುಳ್ಳಲ್ಲ.

ಎದುರಿನ ಅಂಗಡಿಯ ಗಾದಿಯಿಂದ ದನಿ ಬಂತು.

"ಏ ಕರಿಬಸಯ್ಯ, ಗಾಜಿನ ಕಟ್ಟು ಬಂತು ನೋಡು, ಬಂದು ಮೊಳಿ ಹೊಡಿ. ದಿನಾ ಮುಂಜಾನೆ ಅದನ್ನ ಒರಸೂದು ಇನ್ನ ಮ್ಯಾಲ ನಿನ್ನ ಕೆಲಸ. ಮತ್ತ ಕೇಳಿಲ್ಲಿ, ಉಳಿದ ರೊಟ್ಟೀನೂ ನಾನ ತಿಂದೆ. ಎರಡನೇ ಸಲ ತಿಂದು ನೋಡಿದೆ, ಉಪ್ಪು ಸರಿ ಐತಿ."