ಅಂಗಾಲು ನೋಡುವ ಭಾವಮೈದ

ನನ್ನ ಹೆಂಡತಿಯ ತಮ್ಮ ಡಾಕ್ಟರಾಗಿದ್ದಕ್ಕೆ ನಾನು ಇಲ್ಲಿಯವರೆಗೆ ತೆತ್ತ ಬೆಲೆ ಇಷ್ಟು: ಅಂಗಡಿಯ ಒಳ್ಳೊಳ್ಳೆ ಗಿರಾಕಿಗಳು, ನೆಂಟರ ಮನೆಯ ಹಬ್ಬದೂಟಗಳು, ಊರಲ್ಲಿ ತಲೆಯೆತ್ತಿ ನಡೆಯುವ ಅಭ್ಯಾಸ. ಮಗಳ ಮದುವೆಯೂ ಇದರ ಜೊತೆಗೇ ಹೋಗುವುದರಲ್ಲಿತ್ತು. ಕಾರಣ ದೊಡ್ಡದೇನಲ್ಲ. ಲೋಕವೆಲ್ಲ ಮನುಷ್ಯರ ಮುಖ ನೋಡಿ ಮಾತಾಡಿದರೆ ಇವನು ಕಾಲು ನೋಡಿ ಮಾತಾಡುತ್ತಾನೆ. ಅದೂ ಕಾಲಿನ ಮೇಲ್ಭಾಗವಲ್ಲ, ಅಂಗಾಲು!

ಇವನಿಗೆ ಮೆಡಿಕಲ್ ಸೀಟು ಸಿಕ್ಕಾಗ ಮಧುರೆ ಹೋಬಳಿಯ ನಮ್ಮ ನೆಂಟರೆಲ್ಲ ತಮಗೇ ಸಿಕ್ಕಿದಷ್ಟು ಹಿಗ್ಗಿದರು. ಮುಂದೆ ಚರ್ಮದ ಡಾಕ್ಟರಾಗುತ್ತೇನೆ ಅಂದಾಗ ಬೆನ್ನು ತಟ್ಟಿದವನು ನಾನೇ. ಕೈಗಾಡಿಯಲ್ಲಿ ಚಪ್ಪಲಿ ಮಾರುತ್ತಾ ನೆಲಮಂಗಲ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಮಾಡಿಕೊಂಡವನು, ವ್ಯಾಪಾರ ನನಗೆ ತಿಳಿಯದೆ? ಹೃದಯ ಎಲ್ಲರಿಗೂ ಕೆಡುವುದಿಲ್ಲ, ಮೊಡವೆ ಎಲ್ಲರಿಗೂ ಬರುತ್ತದೆ. "ಯಲಹಂಕದಲ್ಲಿ ಒಂದು ಎಸಿ ಕ್ಲಿನಿಕ್ ಹಾಕು, ಗಾಜಿನ ಬಾಗಿಲು ಹಾಕಿಸು, ಮದುವೆ ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತಿರಲ್ಲ" ಎಂದು ಬುದ್ಧಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿ, ಚರ್ಮದ ಕ್ಯಾನ್ಸರ್ ಆರಿಸಿಕೊಂಡ.

"ಚರ್ಮಕ್ಕೂ ಕ್ಯಾನ್ಸರ್ ಬರುತ್ತೇನೋ?" ಅಂದೆ.

"ಬರುತ್ತೆ ಭಾವ. ಬಿಳೀ ಜನಕ್ಕೆ ಜಾಸ್ತಿ, ನಮ್ಮಂಥೋರಿಗೆ ಅಪರೂಪ."

"ಅಪರೂಪದ ಮಾಲಿಟ್ಕೊಂಡು ಯಾರಾದ್ರೂ ಅಂಗಡಿ ನಡೆಸ್ತಾರೇನಪ್ಪಾ?"

"ಅಪರೂಪ ಅಂತಲೇ ಯಾರೂ ನೋಡಲ್ಲ. ನಮ್ಮೋರಿಗೆ ಬರೋ ಒಂದು ಬಗೆ ಅಂಗಾಲಲ್ಲಿ, ಉಗುರಿನ ಕೆಳಗೆ ಅಡಗಿರುತ್ತೆ. ಆಣಿ ಅಂದ್ಕೊಂಡು ಬ್ಲೇಡಲ್ಲಿ ಕೆತ್ತುತ್ತಾ ಕೂತಿರ್ತಾರೆ."

ಅಂದಿನಿಂದ ಶುರುವಾಯಿತು. ಅದಕ್ಕೆ ಸಂಶೋಧನೆ ಅಂತ ಹೆಸರು. ಸಂಶೋಧನೆ ಅಂದರೆ ಗಾಜಿನ ಕೊಳವೆ, ಬಣ್ಣದ ನೀರು ಅಂತ ನಾನು ತಿಳಿದಿದ್ದೆ. ಇವನದು ಫೋನು ತುಂಬ ಕಾಲುಗಳ ಫೋಟೋ. ಮದುವೆಗೆ ಹುಡುಗಿ ಹುಡುಕುತ್ತಿದ್ದ ದಿನಗಳಲ್ಲಿ ನಮ್ಮತ್ತೆ, ಮಗ ಯಾರನ್ನಾದರೂ ಮೆಚ್ಚಿರಬಹುದೇ ಎಂದು ಆ ಫೋನು ತೆರೆದರು. ಎಷ್ಟು ಸರಿಸಿದರೂ ಒಂದು ಮುಖವಿಲ್ಲ. "ಮೊಣಕಾಲಿಂದ ಮೇಲಕ್ಕೆ ಇವನಿಗೆ ಯಾರೂ ಇಷ್ಟ ಆಗಲ್ವೇನೋ" ಎಂದು ಕಣ್ಣೊರೆಸಿಕೊಂಡರು.

ಮದುವೆಯಂತೂ ಆಯಿತು. ಕಾಲುಂಗುರ ತೊಡಿಸುವ ಶಾಸ್ತ್ರದಲ್ಲಿ ಹೆಣ್ಣಿನ ಕಾಲು ಹಿಡಿದವನು ಬಿಡುತ್ತಲೇ ಇಲ್ಲ. ಪುರೋಹಿತರು ಕೆಮ್ಮಿದರು, ಓಲಗದವರು ನಿಲ್ಲಿಸಿ ಮತ್ತೆ ಊದಿದರು. ಹೆಣ್ಣಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ಎಂಥ ಪ್ರೀತಿಯ ಗಂಡ ಅಂತ ನಕ್ಕರು. ಅವನು ಮೆಲ್ಲಗೆ ಕೇಳಿದನಂತೆ: "ಈ ಮಚ್ಚೆ ಹುಟ್ಟಿದಾಗಿನಿಂದ ಇದೆಯಾ, ಈಚೆಗೆ ಬಂತಾ?"

ಹಿರಿಯರ ಅಂಗಾಲು ನೋಡಲು ಅವನು ಕಂಡುಕೊಂಡ ಉಪಾಯವೇ ಬೇರೆ. ಯಾರು ಸಿಕ್ಕರೂ ಕಾಲಿಗೆ ಬೀಳುತ್ತಾನೆ. ಮೊದಮೊದಲು ಇಷ್ಟು ಓದಿಯೂ ಎಂಥ ವಿನಯ ಎಂದು ಹೆಸರು ಬಂತು. ಬೀಳುವುದೇನೋ ಸರಿ, ಆದರೆ ಇವನು ಏಳುವುದಿಲ್ಲ. ನಮ್ಮ ದೊಡ್ಡಜ್ಜಿ ಒಂದು ಸಲ ಹರಸಿ, ಏಳದಿದ್ದಾಗ ಮತ್ತೆ ಹರಸಿ, ಗೊತ್ತಿದ್ದ ಹರಕೆಯೆಲ್ಲ ಖಾಲಿಯಾದ ಮೇಲೆ ಕೇಳಿತು: "ಏನಾದ್ರೂ ಬೀಳಿಸ್ಕೊಂಡ್ಯೇನಪ್ಪಾ?" ಕೆಳಗಿನಿಂದ ದನಿ ಬಂತು: "ಇಲ್ಲಜ್ಜಿ, ಹಿಮ್ಮಡಿ ಸ್ವಲ್ಪ ಎತ್ತಿ."

ಮನೆಯಲ್ಲಾದರೆ ಹೇಗೋ ಮುಚ್ಚಿಹಾಕಬಹುದು. ಭಾನುವಾರ ರಜೆ ಅಂತ ನನ್ನ ಅಂಗಡಿಗೇ ಬಂದು ಕೂರತೊಡಗಿದ. ಚಪ್ಪಲಿ ಅಂಗಡಿ ಎಂದರೆ ಅವನ ಪಾಲಿಗೆ ಹರಿದು ಬರುವ ಕಾಲಿನ ಹೊಳೆ. (ನಡುವೆ ಒಂದು ಮಾತು: ಚಪ್ಪಲಿ ಕೊಳ್ಳುವವರು ಸಂಜೆ ಕೊಳ್ಳಿ. ಆ ಹೊತ್ತಿಗೆ ಕಾಲು ಊದಿಕೊಂಡಿರುತ್ತದೆ, ಅಳತೆ ತಪ್ಪುವುದಿಲ್ಲ.) ಒಬ್ಬ ಲಾರಿ ಡ್ರೈವರು ಬಂದು ಕೂತ. ನಾನು ಸೈಜು ಹುಡುಕಿ ತಿರುಗುವಷ್ಟರಲ್ಲಿ ಇವನು ಟಾರ್ಚು ಬಿಟ್ಟು ಅವನ ಬೆರಳ ಸಂದಿ ನೋಡುತ್ತಿದ್ದ.

"ಏನ್ ಗುರು, ಚಪ್ಪಲಿ ತಗೊಳ್ಳೋಕೂ ಮೆಡಿಕಲ್ ಪಾಸಾಗ್ಬೇಕಾ?" ಎಂದು ಡ್ರೈವರು ಎದುರಂಗಡಿಗೆ ಹೋದ. ಎದುರಂಗಡಿಯವನು ನನ್ನತ್ತ ನೋಡಿ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಹೀಗಿರುವಾಗ ಮಗಳಿಗೆ ಒಂದು ಸಂಬಂಧ ಬಂತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯವರು. ಹುಡುಗ ಹೈಸ್ಕೂಲು ಮೇಷ್ಟ್ರು, ತಂದೆ ದ್ರಾಕ್ಷಿ ತೋಟದ ಯಜಮಾನರು. ಅದುವರೆಗೆ ಬಂದ ಹುಡುಗರಿಗೆಲ್ಲ ಮೂಗು ಮುರಿದಿದ್ದ ಮಗಳು ಇವನ ಮಾತು ಬಂದರೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಜೋಡಿಸುತ್ತಿದ್ದಳು. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೀಗರು ತಾಂಬೂಲ ಬದಲಾಯಿಸಲು ಬರುವ ದಿನ ಭಾವಮೈದನನ್ನು ಮೂಲೆಗೆ ಕರೆದು ಕೈ ಹಿಡಿದುಕೊಂಡೆ.

"ಇವತ್ತೊಂದು ದಿನ ಎಲ್ಲರ ಮುಖ ನೋಡಪ್ಪಾ."

"ಆಯ್ತು ಭಾವ" ಅಂದ. ಪಾಪ, ಪ್ರಯತ್ನವನ್ನೂ ಪಟ್ಟ. ಆದರೆ ಹುಡುಗನ ತಂದೆ ಬಾಗಿಲಲ್ಲಿ ಕಾಲು ತೊಳೆದು ಬಂದು, ಕುರ್ಚಿ ಬೇಡವೆಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಅಂಗಾಲು ಆಕಾಶ ನೋಡುತ್ತಿತ್ತು. ಹಿಮ್ಮಡಿಯ ಹತ್ತಿರ ಕಪ್ಪಗೊಂದು ಕಲೆ. ತಾಂಬೂಲದ ತಟ್ಟೆ ಮುಂದಿಟ್ಟು ನಾನು ಮಾತು ತೆಗೆಯುವ ಹೊತ್ತಿಗೆ ಇವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ, ಹೋಗಿ ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಇದು ಯಾವಾಗಿನಿಂದ ಇದೆ ಯಜಮಾನ್ರೇ?"

"ತೋಟದಲ್ಲಿ ಮುಳ್ಳು ಚುಚ್ಚಿತ್ತು ಸ್ವಾಮಿ, ಬಿಡಿ."

"ಒಂಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಕ್ಯಾನ್ಸರ್ ಅಲ್ಲ ಅಂತ ಗಟ್ಟಿ ಮಾಡ್ಕೋಬೇಕು."

ತಾಂಬೂಲದ ತಟ್ಟೆಯ ಎದುರಿಗೆ ಆ ಮಾತು! ನನ್ನ ಹೆಂಡತಿ ಕಾಫಿ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಹುಡುಗನ ಚಿಕ್ಕಪ್ಪ ಎದ್ದು, "ನಾವು ಬಂದಿದ್ದು ಹೆಣ್ಣಿಗೆ, ಆಸ್ಪತ್ರೆಗಲ್ಲ" ಅಂದರು. ತಾಂಬೂಲ ತಟ್ಟೆಯಲ್ಲೇ ಉಳಿಯಿತು. ಕಾರಿನವರೆಗೂ ಹಿಂದೆ ಹಿಂದೆ ಹೋಗಿ, "ತಪ್ಪು ತಿಳ್ಕೋಬೇಡಿ, ಅವನಿಗೆ ಇಲ್ಲಿ ಸ್ವಲ್ಪ..." ಎಂದು ಹಣೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದೆ. ಒಳಗೆ ಬಂದಾಗ ಮಗಳು ಪಾತ್ರೆ ಜೋಡಿಸುತ್ತಿರಲಿಲ್ಲ.

ಆ ಕಡೆಯಿಂದ ಸುದ್ದಿ ನಿಂತುಹೋಯಿತು. ಕೆಲವು ವಾರಗಳಾದ ಮೇಲೆ ಭಾವಮೈದ ಫೋನು ಮಾಡಿ, "ಏನೂ ಇಲ್ಲ ಭಾವ, ಬರೀ ಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿದ್ದು!" ಎಂದು ಹಬ್ಬ ಮಾಡಿದ. ಬೀಗರ ಮನೆಗೆ ತಾನೇ ಹೋಗಿ, ಆಸ್ಪತ್ರೆಗೆ ಕರೆತಂದು, ಪರೀಕ್ಷೆ ಮಾಡಿಸಿದ್ದನಂತೆ. ಅಂದರೆ ಯಜಮಾನರು ಮೊದಲೇ ಹೇಳಿದ್ದನ್ನು ಇವನು ಇಷ್ಟೆಲ್ಲ ಮಾಡಿ ಕಂಡುಹಿಡಿದಿದ್ದ. "ಏನೂ ಇಲ್ಲದ್ದಕ್ಕೆ ನನ್ನ ಮಗಳ ಸಂಬಂಧ ಕೆಡಿಸಿದೆಯಲ್ಲಪ್ಪಾ" ಎಂದು ಫೋನಿಟ್ಟೆ.

ಮರುವಾರ ಹುಡುಗನ ತಂದೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಸಂಬಂಧ ಬೇಡ ಎಂದು ಮುಖಾಮುಖಿ ಹೇಳಲು ಬಂದಿದ್ದಾರೆ ಅಂದುಕೊಂಡು ನಾನೇ ಮೊದಲು ಶುರು ಮಾಡಿದೆ: "ನಮ್ಮ ಹುಡುಗ ಸ್ವಲ್ಪ ಹಾಗೇ, ಕ್ಷಮಿಸ್ಬೇಕು..."

"ಯಾಕಪ್ಪಾ ಕ್ಷಮಿಸ್ಬೇಕು? ನಮ್ ತಮ್ಮಂಗೆ ಕೋಪ, ನಂಗೇನಿಲ್ಲ. ಊರ ಯಜಮಾನ ಅಂತ ನನ್ ಕಾಲಿಗೆ ಬಿದ್ದೋರು ಬೇಕಾದಷ್ಟು ಜನ ಅವ್ರೆ. ಅಂಗಾಲು ಹೆಂಗೈತೆ ಅಂತ ನೋಡ್ದೋನು ಇವ್ನೊಬ್ನೇ. ಹೊಲಿಗೆ ಬಿಚ್ಚಕ್ಕೂ ಮನೇಗೇ ಬಂದ." ಆಮೇಲೆ ಕೇಳಿದರು: "ಅವ್ರಪ್ಪಂಗೆ ಆಗಿದ್ದೇ ನಂಗೂ ಆಗೈತೇನೋ ಅಂತ ಹೆದರ್ಬಿಟ್ಟಿದ್ನಂತೆ. ನೀವು ಅಳಿಯಂದ್ರು, ನಿಮ್ಗೆ ಗೊತ್ತಿರ್ಬೇಕಲ್ಲ?"

ನನಗೆ ಗೊತ್ತಿರಲಿಲ್ಲ. ಮಾವನವರು ಕಾಲಿನ ಹುಣ್ಣಿನಿಂದ ಹೋದರು ಅಂತ ಗೊತ್ತು. ಸಕ್ಕರೆ ಕಾಯಿಲೆ ಇದ್ದಿರಬೇಕು ಎಂದು ಕೇಳಿದವರಿಗೆಲ್ಲ ನಾನೇ ಹೇಳಿಕೊಂಡು ತಿರುಗಿದ್ದೆ. ಅದು ಇದೇ ಅಂಗಾಲಿನ ಕ್ಯಾನ್ಸರ್ ಅಂತೆ. ಆಣಿ ಎಂದು ಅವರು ಗೇರೆಣ್ಣೆ ಹಚ್ಚಿ ಸುಟ್ಟುಕೊಳ್ಳುತ್ತಿದ್ದರಂತೆ. ಆಗ ಇವನಿನ್ನೂ ಮೆಡಿಕಲ್ ಓದುತ್ತಿದ್ದ. "ಪ್ರತಿ ಪರೀಕ್ಷೆಗೂ ಅಪ್ಪನ ಕಾಲು ಮುಟ್ಟಿ ಹೋಗ್ತಿದ್ದೆ, ಮೇಲೆ ಮುಟ್ಟಿದೆ, ಕೆಳಗೆ ನೋಡ್ಲಿಲ್ಲ" ಎಂದು ಬೀಗರ ಮನೆಯ ಜಗಲಿಯ ಮೇಲೆ ಕೂತು ಹೇಳಿದನಂತೆ. ಅವರಿಗೆ ಹೇಳಿದ, ನನಗೆ ಹೇಳಿಲ್ಲ. ನಾನು ಕೇಳಿದ್ದಾದರೂ ಯಾವಾಗ? ಅವನು ಎದುರಿಗೆ ಬಂದಾಗಲೆಲ್ಲ ಕ್ಲಿನಿಕ್ಕಿನ ಬಾಗಿಲಿಗೆ ಎಂಥ ಗಾಜು ಹಾಕಬೇಕು ಎಂದು ಹೇಳುತ್ತಿದ್ದೆ.

ಬೀಗರು ಒಳ್ಳೆಯ ದಿನ ನೋಡಿಸಿ ಎಂದು ಹೇಳಿ ಹೋದರು. ಆ ಭಾನುವಾರ ಭಾವಮೈದ ಅಂಗಡಿಗೆ ಬಂದ. ನಾನು ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಮೊದ್ಲು ಕಾಲು ತೊಳ್ಕೊಂಡು ಬನ್ನಿ ಭಾವ" ಅಂದ.

ತೊಳೆದು ಬಂದೆ. ಅವನು ಒಂದೊಂದೇ ಬೆರಳು ಬಿಡಿಸಿ ನೋಡುವಾಗ ನಾಚಿಕೆಯಿಂದ ನಾನು ಗೋಡೆ ನೋಡುತ್ತಾ ಕೂತೆ.

ಓದುವವರಿಗೆ ನಾನು ಹೇಳುವುದು ಇಷ್ಟೇ. ಸ್ನಾನವಾದ ಮೇಲೆ ಆಗಾಗ ಅಂಗಾಲು, ಬೆರಳ ಸಂದಿ, ಉಗುರು ನೋಡಿಕೊಳ್ಳಿ. ಹೊಸದಾಗಿ ಬಂದ, ಹರಡುತ್ತಿರುವ ಕಪ್ಪು ಕಲೆಯಾಗಲಿ, ಮಾಯದ ಹುಣ್ಣಾಗಲಿ, ಉಗುರಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆಯಾಗಲಿ ಕಂಡರೆ ಕೆತ್ತಬೇಡಿ, ಸುಡಬೇಡಿ, ಡಾಕ್ಟರಿಗೆ ತೋರಿಸಿ. ಏನೂ ಇಲ್ಲ ಅಂದರೆ ಖುಷಿಪಡಿ, ಸುಮ್ಮನೆ ಓಡಾಡಿಸಿದರು ಎಂದು ಬೈಯಬೇಡಿ. ಇನ್ನು, ಮನೆಯಲ್ಲಿ ಬಗ್ಗಿ ತಮ್ಮ ಕಾಲು ತಾವೇ ನೋಡಿಕೊಳ್ಳಲಾಗದ ವಯಸ್ಸಿನವರಿದ್ದರೆ, ಹಬ್ಬಕ್ಕೆ ಕಾಲಿಗೆ ಬಿದ್ದಾಗ ತಕ್ಷಣ ಎದ್ದುಬಿಡಬೇಡಿ. ಒಂಚೂರು ಕಾಲೆತ್ತಿ ಎಂದು ಕೇಳಿ. ಅವರಾಗಿ ಅವರು ತೋರಿಸುವುದಿಲ್ಲ.