ಸೊಪ್ಪು ಕಟ್ಟುವ ಆಟ

ಮಕ್ಕಳು ಆಡುತ್ತಾ ಕಲಿಯುತ್ತಾರೆ ಎಂದು ಭಾಷಣ ಮಾಡುವುದು ನನಗೆ ನೀರು ಕುಡಿದಷ್ಟು ಸಲೀಸು. ತೊಂಬತ್ತರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದಾಗ ತಿಂಗಳಿಗೊಮ್ಮೆ ಟೀಚರುಗಳನ್ನೆಲ್ಲ ಕೂಡಿಸಿಕೊಂಡು ಈ ಭಾಷಣ ಮಾಡಿಯೇ ತೀರುತ್ತಿದ್ದೆ. ಈಗ ನಿವೃತ್ತಳಾಗಿರುವುದರಿಂದ ನಿಜ ಹೇಳಲು ಅಡ್ಡಿಯಿಲ್ಲ. ಯಾವುದಾದರೂ ಕೇಂದ್ರಕ್ಕೆ ಹೋದಾಗ ಮಕ್ಕಳು ನಿಜವಾಗಿಯೂ ಆಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈಕಟ್ಟಿ ಸಾಲಾಗಿ ಕೂತು, 'ನಮಸ್ತೇ ಮೇಡಂ' ಎಂದು ರಾಗ ಎಳೆದರೇನೇ ಇಲ್ಲಿ ಶಿಕ್ಷಣ ನಡೆಯುತ್ತಿದೆ ಎಂದು ನೆಮ್ಮದಿ.

ನಾನು ಮೈಸೂರು ಪೇಟೆಯಲ್ಲಿ ಬೆಳೆದವಳು. ಸೊಪ್ಪು ಎಂದರೆ ನನಗೆ ದಂಟು, ಮೆಂತ್ಯ, ಹೆಚ್ಚೆಂದರೆ ನುಗ್ಗೆ. ಹುಣಸೂರಿನ ಕಡೆ ಬರೀ ಸೊಪ್ಪು ಎಂದರೆ ಹೊಗೆಸೊಪ್ಪು ಎಂಬುದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಬಂದ ಹೊಸದರಲ್ಲಿ ತಾಯಂದಿರ ಸಭೆಯೊಂದರಲ್ಲಿ, "ಮಕ್ಕಳಿಗೆ ದಿನಾ ಸೊಪ್ಪು ತಿನ್ನಿಸಿ" ಎಂದು ಗಟ್ಟಿಯಾಗಿ ಹೇಳಿದೆ. ಹಿಂದೆ ಕೂತಿದ್ದ ಒಬ್ಬ ಅಜ್ಜಿ, "ಅಸೀದೋ ಮೇಡಮ್ಮೋರೆ, ಬ್ಯಾರನ್‌ನಲ್ಲಿ ಬೇಯ್ಸಿದ್ದೋ?" ಎಂದಳು. ಸಭೆ ಅಲ್ಲಿಗೆ ಮುಗಿಯಿತು. ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಮನೆಯೊಳಗೆ ತೂಗುಹಾಕಿ, ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆಂದು ಆಮೇಲೆ ತಿಳಿಯಿತು.

ಹೀಗಿರುವಾಗ ಕಟ್ಟೆಮಳಲವಾಡಿಯ ಆಚೆಗಿನ ಒಂದು ಹಳ್ಳಿಯಿಂದ ಮೂಗರ್ಜಿ ಬಂತು. ಅಲ್ಲಿನ ಟೀಚರ್ ಸಾಕಮ್ಮ ಮಕ್ಕಳಿಗೆ ಒಂದಕ್ಷರ ಕಲಿಸುವುದಿಲ್ಲವಂತೆ, 'ಮಕ್ಕಳ ಕೈಲಿ ಸೊಪ್ಪು ಕಟ್ಟಿಸುತ್ತಾಳೆ' ಅಂತೆ. ಈ ಸಲ ಸೊಪ್ಪಿನ ಅರ್ಥ ನನಗೆ ಗೊತ್ತಿತ್ತು. ನಾಲ್ಕು ವರ್ಷದ ಕೂಸುಗಳಿಂದ ಹೊಗೆಸೊಪ್ಪಿನ ಕೆಲಸ! ಸಾಕಮ್ಮನಿಗೆ ಹಿಂದೆ ಒಮ್ಮೆ ಮೆಮೊ ಸಿಕ್ಕಿತ್ತು, ರಿಜಿಸ್ಟರ್ ಬರೆದಿಲ್ಲವೆಂದು. ಇನ್ನೊಂದು ಸಿಕ್ಕರೆ ಹನ್ನೊಂದು ವರ್ಷದ ಕೆಲಸಕ್ಕೇ ಸಂಚಕಾರ. ಅದು ಗೊತ್ತಿದ್ದೂ, ಬಸ್ಸಿನಲ್ಲಿ ಕೂತೇ ಮೆಮೊದ ಮೊದಲ ಎರಡು ಸಾಲು ಬರೆದೆ. ನೋಡುವ ಮೊದಲೇ ಬರೆಯುವುದರಲ್ಲಿ ನನ್ನಷ್ಟು ಚುರುಕಿನವರು ಇಡೀ ಇಲಾಖೆಯಲ್ಲಿ ಇರಲಿಲ್ಲ.

ಹೋಗಿ ನೋಡಿದರೆ ಅರ್ಜಿ ಸುಳ್ಳಲ್ಲ. ಜಗಲಿಯ ಮೇಲೆ ಹತ್ತು ಹನ್ನೆರಡು ಮಕ್ಕಳು ಕಡ್ಡಿಗಳಿಗೆ ಎಲೆ ಕಟ್ಟುತ್ತಿದ್ದವು. ಎಲೆ ಮಾತ್ರ ಹೊಂಗೆಯದು. ನಮಸ್ತೇ ಇಲ್ಲ, ರಾಗವಿಲ್ಲ, ನನ್ನ ಕಡೆ ತಿರುಗಿ ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಸಾಕಮ್ಮ ಮಾತ್ರ ಬೆವರುತ್ತಾ ಎದ್ದು ನಿಂತಳು. "ಸೊಪ್ಪಿನ್ ಕಾಲ ಅಲ್ವಾ ಮೇಡಂ, ಮನೇಲಿ ನೋಡಿದ್ದುನ್ನೇ ಆಡ್ತವೆ. ನಾನು ಬ್ಯಾಡ ಅನ್ನಲಿಲ್ಲ" ಎಂದಳು.

ಅಷ್ಟರಲ್ಲಿ ಅಲ್ಲಿ ಜಗಳ ಹತ್ತಿಕೊಂಡಿತು. ಒಂದು ಕಡ್ಡಿಗೆ ಎರಡು ಮೊಳ ದಾರ ಎಂದು ಲೆಕ್ಕವಂತೆ. ಚೆಲುವಿ ಎಂಬ ಹುಡುಗಿ ತನ್ನ ಕೈಯಲ್ಲಿ ಅಳೆದು ಕೊಟ್ಟ ದಾರ ಇನ್ನೊಬ್ಬಳಿಗೆ ಸಾಲಲಿಲ್ಲ. "ನಿನ್ ಮೊಳ ಗಿಡ್ಡ ಕಣೇ!" "ಇಲ್ಲ ಕಣೇ, ನಿನ್ ಕಡ್ಡಿನೇ ಉದ್ದ!" ನಾನಾಗಿದ್ದರೆ ಇಬ್ಬರಿಗೂ ಒಂದೊಂದು ಏಟು ಕೊಟ್ಟು ಕೂರಿಸುತ್ತಿದ್ದೆ. ಸಾಕಮ್ಮ ಅಷ್ಟು ಹೆದರಿಕೆಯಲ್ಲೂ ಅವರತ್ತ ಬಾಗಿ, "ಅಂಗಾರೆ ಎಲ್ರಿಗೂ ಒಂದೇ ಮೊಳ ಆಗ್ಬೇಕಲ್ಲ. ಯಾರ್ ಕೈ ಇಡ್ಕೊಳಾನಾ?" ಎಂದಳು. ಮಕ್ಕಳು ಯೋಚಿಸಿದವು. ಚೆಲುವಿ ಸುತ್ತ ನೋಡಿ, ಮೆಮೊ ಹಿಡಿದಿದ್ದ ನನ್ನ ಕೈಯನ್ನೇ ಎಳೆದಳು. ಕಾಗದ ಕೆಳಗೆ ಬಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಹಿಡಿದು ಅಳೆದು, "ಇದೇ ಮೊಳ, ಎಲ್ರಿಗೂವೆ" ಎಂದು ತೀರ್ಪು ಕೊಟ್ಟಳು. ತಿಂಗಳು ತಿಂಗಳೂ ಭಾಷಣ ಮಾಡುತ್ತಿದ್ದ ನಾನು, ನಾಲ್ಕು ವರ್ಷದ ಮಗುವೊಂದು ಅಳತೆಗೋಲನ್ನು ಕಂಡುಹಿಡಿಯುವುದನ್ನು ನೋಡಿದ್ದು ಅದೇ ಮೊದಲು. ಆ ಗಳಿಗೆಯಲ್ಲಿ ಸಾಕಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಿನಷ್ಟು ಗೌರವ ಬಂತು.

ಮೊಳ ಕೊಟ್ಟವಳು ಸುಮ್ಮನೆ ನಿಲ್ಲುವ ಹಾಗಿಲ್ಲ. ನನ್ನನ್ನೂ ಕೂರಿಸಿ ಒಂದು ಕಡ್ಡಿ ಕೊಟ್ಟರು. ಹಣ್ಣೆಲೆ ಒಂದು ಗುಡ್ಡೆ, ಹಸಿಯದು ಒಂದು, ಚುಕ್ಕೆ ಬಿದ್ದದ್ದು ಇನ್ನೊಂದು. ಒಂದೇ ಬಣ್ಣದ, ಒಂದೇ ಅಳತೆಯ ಮೂರು ಮೂರು ಎಲೆ ಸೇರಿಸಿ ಕಟ್ಟಬೇಕು. ನಾನು ಬಿ.ಎ. ಓದಿದವಳು, ಇದೆಷ್ಟರದು ಎಂದು ಚಕಚಕನೆ ಕಟ್ಟಿ ಎತ್ತಿ ತೋರಿಸಿದೆ. ಚೆಲುವಿ ಎಲೆಯೆಲೆಯನ್ನೂ ಮುಟ್ಟಿ ನೋಡಿದಳು. "ಇದು ಅಸೀದು. ಇಲ್ಲಿ ನಾಕವೆ. ಇಲ್ಲಿ ಚಿಕ್ಕುದ್ಕೆ ದೊಡ್ಡುದ್ನ ಸೇರ್ಸಿದ್ದೀಯ" ಎಂದಳು. "ಮೇಡಮ್ಮೋರ್ಗೆ ನೀನು ತಾನು ಅಂತಾರೇನವ್ವಾ" ಎಂದು ಸಾಕಮ್ಮ ನಾಲಗೆ ಕಚ್ಚಿಕೊಂಡಳು.

ಅವಳ ಕಣ್ಣು ಕೆಳಗೆ ಬಿದ್ದಿದ್ದ ಮೆಮೊದ ಮೇಲೇ ಇತ್ತು. ಕೊನೆಗೆ ತಡೆಯಲಾರದೆ, "ತಪ್ಪು ನಂದೇ ಅಂತ ಬರುದ್ರಾ ಮೇಡಂ?" ಎಂದು ಕೇಳಿಯೇಬಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಚೆಲುವಿ ನನ್ನ ಕಡ್ಡಿಯನ್ನು ಮೇಲೆತ್ತಿ ತೋರಿಸಿದಳು.

"ನಿಮ್ದಲ್ಲ ಮಿಸ್, ತಪ್ಪೆಲ್ಲಾ ಈಯಮ್ಮಂದೇ. ಬಿಚ್ಚಿ ಇನ್ನೊಂದ್ ಕಿತ ಕಟ್ಲಿ."

ಮೆಮೊವನ್ನು ಹರಿದು ಚೀಲಕ್ಕೆ ತುರುಕಿ, ನಾನು ದಾರ ಬಿಚ್ಚತೊಡಗಿದೆ. ಮಧ್ಯಾಹ್ನದ ಬಸ್ಸು ಹೋಯಿತು. ಎರಡನೆಯ ಸಲವೂ ಒಂದು ಹಸಿ ಎಲೆ ನುಸುಳಿತ್ತು.