ಹೈಬ್ರಿಡ್ ಕಾರಿಗೆ ಎತ್ತಿನ ಗಂಟೆ

ಕೆ.ಆರ್. ಪುರದ ತೂಗುಸೇತುವೆಯ ಜಾಮಿನಲ್ಲಿ ಸಿಕ್ಕಿಕೊಂಡು ಖುಷಿಪಟ್ಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಸೋದರಮಾವ!

ದೊಮ್ಮಲೂರಿನ ಈ ಮಾವ, ಯಾರೋ ಡಾಕ್ಟರು ಹತ್ತು ವರ್ಷ ಓಡಿಸಿ ಮಾರಿದ ಹೈಬ್ರಿಡ್ ಕಾರು ಕೊಂಡಿದ್ದ. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ಜಾಮಿನಲ್ಲಿ ಎಂಜಿನ್ ತಾನಾಗಿಯೇ ಆಫ್ ಆಗುತ್ತಿತ್ತು. ಸುತ್ತಲಿನವರು ಹಲ್ಲು ಕಡಿಯುತ್ತಿದ್ದರೆ ಮಾವ ಮಾತ್ರ, “ನೋಡವ್ವಾ, ಒಂದು ತೊಟ್ಟೂ ಕುಡೀತಿಲ್ಲ!” ಎಂದು ಹಿಗ್ಗುತ್ತಿದ್ದ. ಹಿಂದಿನ ಸೀಟಿನ ಪಕ್ಕ ಬ್ಯಾಟರಿಯ ಗಾಳಿಕಿಂಡಿ. ನನ್ನ ಬ್ಯಾಗು ಅದಕ್ಕೆ ತಾಗಿದರೆ ಸಾಕು, “ತೆಗಿಯೇ, ಅದಕ್ಕೂ ಉಸಿರು ಬೇಡ್ವಾ?” ಎಂಬ ಗದರಿಕೆ. ಏಸಿ ಹಾಕದೆ ನನ್ನನ್ನು ಬೇಯಿಸುವಾಗ ಈ ಕರುಣೆ ಎಲ್ಲಿರುತ್ತಿತ್ತೋ!

ಮೆಲ್ಲಗೆ ಹೋದರೆ ಆ ಕಾರಿಗೆ ಸದ್ದೇ ಇಲ್ಲ. ಮಾವನಿಗೋ ಹಾರ್ನ್ ಒತ್ತುವುದೆಂದರೆ ಎದುರಿನವರನ್ನು ಬೈದಂತೆ. ಒಮ್ಮೆ ಶಿವಾಜಿನಗರದ ಗಲ್ಲಿಯಲ್ಲಿ ಬಟ್ಟೆ ಅಂಗಡಿಯ ಸಾಹೇಬರೊಬ್ಬರ ಬೆನ್ನ ಹಿಂದೆಯೇ ಹೋಗಿ ನಿಂತ. ತಿರುಗಿ ನೋಡಿದವರು ಹೌಹಾರಿದರು.

“ಯಾ ಅಲ್ಲಾ! ಗಾಡೀನಾ ಇದು, ಭೂತಾನಾ? ಆವಾಜೇ ಇಲ್ವಲ್ಲಾ ಸಾಬ್!”

ಮಾವ ಇಳಿದು ಕೈಮುಗಿದ. ಮರುದಿನ ಅಟ್ಟ ಹತ್ತಿ, ಹೊಲ ಇದ್ದ ಕಾಲದಲ್ಲಿ ನಮ್ಮ ತಾತನ ಎತ್ತು ಕಟ್ಟಿಕೊಂಡಿದ್ದ ಕಂಚಿನ ಗಂಟೆ ಇಳಿಸಿ, ಕಾರಿನ ಬಂಪರಿಗೆ ಬಿಗಿದ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಢಣ್ ಢಣ್!

ನನ್ನ ಆಫೀಸೂ ಅಲ್ಲೇ. ದಿನಾ ಮಾವನೇ ಬಿಡುತ್ತಿದ್ದ. “ಮೇಡಂ, ನಿಮ್ಮ ಎತ್ತಿನಗಾಡಿ ಬಂತು!” ಎಂದು ಜೊತೆಯವರು ನಗುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ: “ಮಾವ, ನಿನ್ ದಮ್ಮಯ್ಯ, ಬಿಚ್ಚಿಡು ಅದನ್ನ. ನನ್ ಮಾನ ಹೋಗ್ತಿದೆ.”

ಎರಡು ಮಾತು ಬೈದಿದ್ದರೂ ಆಗುತ್ತಿತ್ತು. “ಆಯ್ತು ಬಿಡವ್ವಾ,” ಎಂದ, ಅಷ್ಟೇ. ಆಮೇಲೆ ಮೂರು ವರ್ಷ ಆ ಸದ್ದು ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು!

ಹೋದ ವರ್ಷ ಮಾವ ತೀರಿಕೊಂಡ. ತಿಥಿ ಕಳೆದ ಮೇಲೆ ಅತ್ತೆ ಕಾರಿನ ಬೀಗದಕೈ ನನ್ನ ಕೈಗಿಡುತ್ತಾ ಅಂದರು: “ಆ ಗಂಟೆ ಬೀದಿ ತಿರುವಿನಲ್ಲೇ ಕೇಳ್ಸೋದು. ಕೇಳಿದ್ ತಕ್ಷಣ ಎಸರಿಗೆ ಹಿಟ್ಟು ಬಿಡ್ತಿದ್ದೆ. ಅವ್ರು ಗಾಡಿ ನಿಲ್ಸಿ ಕೈಕಾಲು ತೊಳೆಯೋಷ್ಟರಲ್ಲಿ ಬಿಸಿ ಮುದ್ದೆ. ಬಿಚ್ಚಿದ್ ಮೇಲೆ ಬಂದಿದ್ದೇ ಗೊತ್ತಾಗ್ತಿರ್ಲಿಲ್ಲ. ಅಂದಾಜಿನ ಮೇಲೆ ಮೊದ್ಲೇ ಮಾಡಿಡ್ತಿದ್ದೆ, ಆರಿದ್ದನ್ನೇ ತಿಂದ್ರು.”

“ಮತ್ತೆ ಕಟ್ಟಿ ಅನ್ನಬಾರದಿತ್ತಾ ಅತ್ತೆ?”

“ಅಂದೆ ಕಣವ್ವಾ. ‘ಮಗು ನಾಚ್ಕೊಳ್ಳುತ್ತೆ, ಬೇಡ’ ಅಂದ್ರು.”

ಮೂರು ವರ್ಷ ಆರಿದ ಮುದ್ದೆ ತಿಂದು, ದಿನಾ ಬೆಳಗ್ಗೆ ನನ್ನನ್ನು ನಗುನಗುತ್ತಾ ಆಫೀಸಿಗೆ ಬಿಟ್ಟಿದ್ದ! ಯಾರದೋ ನಗುವಿಗೆ ಹೆದರಿ ನಾನು ಅವನ ಬಿಸಿ ಊಟ ಕಿತ್ತುಕೊಂಡಿದ್ದೆ. ಡಿಕ್ಕಿ ತೆಗೆದರೆ ಹಳೇ ಟವಲಿನಲ್ಲಿ ಸುತ್ತಿಟ್ಟ ಗಂಟೆ ಅಲ್ಲೇ ಇತ್ತು.

ಮೊನ್ನೆ ಭಾನುವಾರ ಅದನ್ನು ಬಂಪರಿಗೆ ಕಟ್ಟಿ, ಅತ್ತೆಗೆ ಹೇಳದೆ ದೊಮ್ಮಲೂರಿಗೆ ಹೋದೆ. ತಿರುವು ದಾಟಿ, ಕಾರು ನಿಲ್ಲಿಸಿ ಒಳಗೆ ಹೋದರೆ ಅತ್ತೆ ಒಲೆಯ ಮುಂದೆ ನಿಂತು ಅಳುತ್ತಿದ್ದರು. ಕೈ ಮಾತ್ರ ಹಿಟ್ಟು ತಿರುವುತ್ತಲೇ ಇತ್ತು.

“ಸದ್ದು ಕೇಳ್ತು, ಹಿಟ್ಟು ಬಿಟ್ಬಿಟ್ಟೆ ಕಣೇ,” ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಾವನ ತಟ್ಟೆಯನ್ನೇ ನನ್ನ ಮುಂದಿಟ್ಟರು. “ಕೂತ್ಕೋ. ಆರೋಕ್ಮುಂಚೆ ತಿನ್ನು.”